ಸೂಜಿ ತಪ್ಪಿದರೆ ಸಾಲದು, ಔಷಧಿ ಪೋಲಾಗುವುದೂ ನಿಲ್ಲಬೇಕು

ನಾನಿರುವುದು ಸಿಡ್ನಿಯಲ್ಲಿ. ನ್ಯಾನೋಕಣಗಳಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಪುಟ್ಟ ಕಣಗಳಲ್ಲಿ, ಇಟ್ಟು ನುಂಗುವ ಇನ್ಸುಲಿನ್ ಬಗ್ಗೆ ಮಾತು ಬಂದರೆ ಇಲ್ಲಿ ಎಲ್ಲರೂ ಮೊದಲು ಹೇಳುವುದು, ಸೂಜಿ ಚುಚ್ಚಿಕೊಳ್ಳುವುದು ತಪ್ಪುತ್ತದೆ ಅಂತ. ನಿಜ, ಅದು ದೊಡ್ಡ ಸಮಾಧಾನವೇ. ಆದರೆ ಊರಲ್ಲಿರುವ ನಮ್ಮವರನ್ನು ನೆನೆದರೆ ಅಷ್ಟೇ ಸಾಲದು ಅನಿಸುತ್ತದೆ. ನುಂಗಿದ್ದರಲ್ಲಿ ಎಷ್ಟು ಔಷಧಿ ಹೊಟ್ಟೆಯಲ್ಲೇ ಹಾಳಾಗುತ್ತದೆ, ಆ ಹಾಳಾಗಿದ್ದಕ್ಕೆ ದುಡ್ಡು ಯಾರು ಕಟ್ಟಬೇಕು? ನನಗೆ ಅದೇ ಮುಖ್ಯ ಪ್ರಶ್ನೆ.

ಇನ್ಸುಲಿನ್, ಸಕ್ಕರೆ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿ ಸೆಮಾಗ್ಲುಟೈಡ್, ಎಲ್ಲವೂ ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳ ಸರಗಳು. ತಿಂದ ಬೇಳೆಯ ಪ್ರೋಟೀನನ್ನು ಹೊಟ್ಟೆ ಹೇಗೆ ಒಡೆಯುತ್ತದೋ ಇವನ್ನೂ ಹಾಗೇ ಒಡೆದುಹಾಕುತ್ತದೆ. ಅಲ್ಲಿಂದ ಪಾರಾಗಿ ಕರುಳಿಗೆ ಬಂದರೂ ಲೋಳೆಯ ಪದರ ಅಡ್ಡ ಇದೆ, ಅದರ ಹಿಂದೆ ಒತ್ತಾಗಿ ಕೂಡಿಕೊಂಡ ಜೀವಕೋಶಗಳ ಗೋಡೆ ಇದೆ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟರು. ನೂರು ವರ್ಷ ದಾಟಿದರೂ ಹೆಚ್ಚಿನವರಿಗೆ ಸೂಜಿಯೇ ಗತಿ ಆಗಿರುವುದು ಇದೇ ಕಾರಣಕ್ಕೆ.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಮಾತ್ರೆ ರೈಬೆಲ್ಸಸ್ ಇದೆಯಲ್ಲ, ಅದರಲ್ಲಿ ನ್ಯಾನೋಕಣ ಇಲ್ಲ, ಸ್ನ್ಯಾಕ್ (SNAC) ಅನ್ನುವ ಸಹಾಯಕ ಪದಾರ್ಥ ಇದೆ. ಅದು ಮಾತ್ರೆಯ ಸುತ್ತ ಹುಳಿ ಕಡಿಮೆ ಮಾಡಿ ಔಷಧಿ ಜಠರದ ಗೋಡೆ ದಾಟುವಂತೆ ಮಾಡುತ್ತದೆ. ಹಾಗಿದ್ದೂ ರಕ್ತ ಸೇರುವುದು ಸುಮಾರು ಶೇ. 1 ಮಾತ್ರ! ದಿನಕ್ಕೆ 14 ಮಿಲಿಗ್ರಾಂ ಮಾತ್ರೆ ಅಂದರೆ ವಾರಕ್ಕೆ 98 ಮಿಲಿಗ್ರಾಂ. ಅದೇ ಔಷಧಿಯ ಇಂಜೆಕ್ಷನ್ ಆದರೆ ವಾರಕ್ಕೆ 1 ಮಿಲಿಗ್ರಾಂ ಸಾಕಾಗುತ್ತದೆ. ಮೇಲಾಗಿ ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟಕ್ಕಿಂತ ಜಾಸ್ತಿ ನೀರಿಲ್ಲದೆ ನುಂಗಿ, ಅರ್ಧ ಗಂಟೆ ಬೇರೇನೂ ಕುಡಿಯದೆ ಕೂರಬೇಕು. ಎದ್ದ ಕೂಡಲೇ ಕಾಫಿ ಬೇಕು ಅನ್ನುವ ನಮ್ಮ ಮನೆಗಳಲ್ಲಿ ಇದನ್ನು ದಿನಾ ಪಾಲಿಸುವುದು ಸುಲಭ ಅಲ್ಲ.

ನ್ಯಾನೋಕಣಗಳ ಮೇಲೆ ನನಗೆ ಆಸೆ ಇರುವುದು ಇಲ್ಲೇ. ಔಷಧಿಯನ್ನು ಕೈಟೋಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಪದಾರ್ಥ), ಪಿಎಲ್‌ಜಿಎ (ಮೈಯೊಳಗೆ ಕರಗಿಹೋಗುವ ಒಂದು ಪಾಲಿಮರ್) ಅಥವಾ ಕೊಬ್ಬಿನ ಪುಟ್ಟ ಕಣಗಳೊಳಗೆ ಇಟ್ಟರೆ ಹುಳಿಯಿಂದಲೂ ಜೀರ್ಣಿಸುವ ಕಿಣ್ವಗಳಿಂದಲೂ (ಎಂಜೈಮ್) ಸ್ವಲ್ಪ ಕಾಪಾಡಬಹುದು. ಲೋಳೆಗೆ ಅಂಟದೆ ಜಾರಿಹೋಗುವಂತೆ ಹೊರಮೈಯನ್ನೂ ಬದಲಾಯಿಸಬಹುದು. ಸಿಡ್ನಿ ವಿಶ್ವವಿದ್ಯಾಲಯದವರು ನಾರ್ವೆಯವರ ಜೊತೆ ಸೇರಿ 2024ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸಿಲ್ವರ್ ಸಲ್ಫೈಡ್‌ನ (ಬೆಳ್ಳಿ, ಗಂಧಕ ಸೇರಿದ ಪದಾರ್ಥ) ಅತಿ ಸಣ್ಣ ಕಣಗಳಿಗೆ ಇನ್ಸುಲಿನ್ ಜೋಡಿಸಿದ್ದರು. ಸಕ್ಕರೆ ಏರಿದಾಗ ಚುರುಕಾಗುವ ಕಿಣ್ವಗಳು ಕಣದ ಹೊದಿಕೆ ಒಡೆದರೆ ಮಾತ್ರ ಇನ್ಸುಲಿನ್ ಬಿಡುಗಡೆ. ಇಲ್ಲಿನ ಬಬೂನ್ ಕೋತಿಗಳಿಗೆ ಸಕ್ಕರೆ ಇಲ್ಲದ ಚಾಕೊಲೇಟಿನಲ್ಲಿಟ್ಟು ಕೊಟ್ಟು ನೋಡಿದರು. ಇನ್ನೊಂದು ಒಳ್ಳೆಯ ವಿಷಯ ಅಂದರೆ ಕರುಳಿಂದ ಹೋದ ಇನ್ಸುಲಿನ್ ಮೊದಲು ಮುಟ್ಟುವುದು ಲಿವರನ್ನು, ನಮ್ಮ ಮೇದೋಜೀರಕದ ಇನ್ಸುಲಿನ್ ಹೋಗುವುದೂ ಹಾಗೇ. ಚರ್ಮದ ಕೆಳಗೆ ಚುಚ್ಚಿದ್ದು ಮೊದಲು ಮೈಯೆಲ್ಲ ಹರಡುತ್ತದೆ, ಶುಗರ್ ತೀರಾ ಇಳಿದುಬಿಡುವ ಭಯ ಅದರಲ್ಲಿ ಜಾಸ್ತಿ.

ಆಸ್ಟ್ರೇಲಿಯಾದಲ್ಲಿ ಸರ್ಕಾರದ ಯೋಜನೆಗೆ ಹೆಸರು ಕೊಟ್ಟವರಿಗೆ ಇನ್ಸುಲಿನ್ ಸೂಜಿಗಳು ಪುಕ್ಕಟೆ, ಔಷಧಿಗೆ ರಿಯಾಯಿತಿ, ಚುಚ್ಚುವುದನ್ನು ಹೇಳಿಕೊಡುವ ನರ್ಸುಗಳೂ ಇದ್ದಾರೆ. ಹಾಗಾಗಿ ಇಲ್ಲಿ ನುಂಗುವ ಇನ್ಸುಲಿನ್ ಒಂದು ಅನುಕೂಲ. ಊರಲ್ಲಿ ಕಥೆಯೇ ಬೇರೆ. ನಮ್ಮ ಚಿಕ್ಕಮ್ಮ ಹಾಸನದ ಕಡೆಯವರು, ಡಾಕ್ಟರು ಇನ್ಸುಲಿನ್ ಬರೆದುಕೊಟ್ಟ ಮೇಲೂ "ಅದು ಶುರುವಾದರೆ ಮುಗೀತು ಕಣಪ್ಪಾ" ಅಂತ ಎಷ್ಟೋ ಕಾಲ ಮುಂದೂಡಿದರು. ಅವರಂಥವರು ಮನೆಮನೆಯಲ್ಲೂ ಇದ್ದಾರೆ ಅಲ್ವಾ? ಭಾರತದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಮಾತ್ರೆ ಅಂದರೆ ಇವರು ತೆಗೆದುಕೊಳ್ಳುತ್ತಾರೆ, ಆದರೆ ಹೆಚ್ಚಿನವರು ಸ್ವಂತ ಜೇಬಿಂದಲೇ ಕೊಳ್ಳಬೇಕು. ನೂರಕ್ಕೆ ತೊಂಬತ್ತೊಂಬತ್ತು ಪಾಲು ವ್ಯರ್ಥವಾಗುವ ಔಷಧಿಯನ್ನು ಅವರ ತಲೆಗೆ ಕಟ್ಟುವುದು ನ್ಯಾಯ ಅಲ್ಲ.

ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ ಬೇರೆ ದಾರಿಯಲ್ಲಿ, ಇನ್ಸುಲಿನ್ ಅಣುವನ್ನೇ ಬದಲಾಯಿಸಿ, ಐಎನ್-105 ಅನ್ನುವ ಮಾತ್ರೆಗಾಗಿ ವರ್ಷಗಟ್ಟಲೆ ದುಡಿಯಿತು. 2011ರಲ್ಲಿ ಅದರ ದೊಡ್ಡ ಪ್ರಯೋಗ ಮುಖ್ಯ ಗುರಿ ಮುಟ್ಟಲಿಲ್ಲ. ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ನಮ್ಮವರು ಈ ಕೆಲಸ ಬಿಡಬಾರದು.

ಯಾವುದಾದರೂ ನ್ಯಾನೋಕಣದ ಮಾತ್ರೆ ಪ್ರಯೋಗಕ್ಕೆ ನಮ್ಮ ಕಡೆ ಬಂದರೆ, ರಾಯಚೂರಿನ ಬೇಸಿಗೆಯಲ್ಲಿ ಫ್ರಿಜ್ ಇಲ್ಲದೆ ಉಳಿಯುತ್ತದಾ ಅಂತ ನೋಡಲಿ. ಮುದ್ದೆ, ಅನ್ನ, ಕಾಫಿಯ ದಿನಚರಿಯಲ್ಲಿ ಎಷ್ಟು ಪಾಲು ರಕ್ತ ಸೇರುತ್ತದೆ ಅಂತ ಅಳೆಯಲಿ. ದಿನಾ ನುಂಗಿದ ಕಣಗಳು ವರ್ಷಗಳ ನಂತರ ಮೈಯಲ್ಲಿ ಎಲ್ಲಿ ಉಳಿಯುತ್ತವೆ ಅನ್ನುವುದನ್ನೂ ಜನರ ಮುಂದಿಡಲಿ, ತಿಂಗಳ ಖರ್ಚಿನ ಜೊತೆಗೇ.