ಎಂಜಿನ್ ಮಗುಚಿ ತೋರಿಸೋಕೆ ಏನ್ ಕಷ್ಟ ಸ್ವಾಮಿ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಒಂದು ಸ್ಕ್ರೀನಿನಲ್ಲಿ ಆಫೀಸ್ ಮೀಟಿಂಗ್, ಇನ್ನೊಂದರಲ್ಲಿ ಹಳೇ ಆಟಿಕೆ ರೈಲುಗಳ ಆನ್‌ಲೈನ್ ಹರಾಜು. ನನ್ನ ಗಮನ ಯಾವುದರ ಮೇಲಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ.

ನಾನು ಕಾಯುತ್ತಿದ್ದದ್ದು ಹಾರ್ನ್‌ಬಿ ಡಬ್ಲೋ ಅನ್ನುವ ಹಳೇ ಬ್ರಿಟಿಷ್ ಆಟಿಕೆ ರೈಲಿನ ‘ಡಾರ್ಚೆಸ್ಟರ್’ ಎಂಜಿನ್‌ಗೆ. ಡಬ್ಬಿ ಸಮೇತ ಇತ್ತು. ಕ್ಯಾಟಲಾಗಿನಲ್ಲಿ ಐದು ಫೋಟೋ. ಎಡಕ್ಕೊಂದು, ಬಲಕ್ಕೊಂದು, ಮುಂದಿನಿಂದ ಒಂದು. ಉಳಿದೆರಡು ಬರೀ ಡಬ್ಬಿಯವು. ಜೊತೆಗೆ ಒಂದೇ ಸಾಲು: ಸ್ಥಿತಿ ಚೆನ್ನಾಗಿದೆ, ಓಡಿಸಿ ನೋಡಿಲ್ಲ. ಎಂಜಿನ್ನಿನ ಹೊಟ್ಟೆಯ ಫೋಟೋ ಮಾತ್ರ ಇಲ್ಲ!

ಹೊಟ್ಟೆ ಯಾಕೆ ಬೇಕು ಅಂತೀರಾ? ಹೇಳುತ್ತೇನೆ. ಲಿವರ್‌ಪೂಲ್‌ನ ಮೆಕ್ಯಾನೋ ಕಂಪನಿ 1938ರಲ್ಲಿ ಈ ಡಬ್ಲೋ ರೈಲುಗಳನ್ನು ಶುರು ಮಾಡಿತು. ಆಗ ಮೂರು ಹಳಿ. ನಡುವಿನ ಹಳಿಯಲ್ಲಿ ಕರೆಂಟ್ ಬರುತ್ತದೆ, ಪಕ್ಕದ ಎರಡರಲ್ಲಿ ವಾಪಸ್ ಹೋಗುತ್ತದೆ. 1959ರಲ್ಲಿ ಎರಡು ಹಳಿಯ ಪದ್ಧತಿ ಬಂತು. ಮನೆಯಲ್ಲಿ ಹಳೇ ಹಳಿ ಇದ್ದವರಿಗಾಗಿ ಮೂರು ಹಳಿಯ ಎಂಜಿನ್‌ಗಳನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರು. ಅವು ಹೆಚ್ಚು ಮಾರಾಟವಾಗಲಿಲ್ಲ. 1964ರಲ್ಲಿ ಕಂಪನಿಯೇ ಪ್ರತಿಸ್ಪರ್ಧಿ ಆಟಿಕೆ ಕಂಪನಿ ಟ್ರೈಯಾಂಗ್‌ನವರ ಕೈಗೆ ಹೋಯಿತು. ಹಾಗಾಗಿ ಆ ಕೊನೆಯ ದಿನಗಳ ಮೂರು ಹಳಿಯ ಎಂಜಿನ್‌ಗಳು ಇವತ್ತು ಅಪರೂಪ, ದುಬಾರಿ. ಡಾರ್ಚೆಸ್ಟರ್ ಅಂಥದ್ದು, ಕ್ಯಾಟಲಾಗ್ ನಂಬರ್ 3235. ಇದರ ಅವಳಿ ‘ಬಾರ್ನ್‌ಸ್ಟೇಪಲ್’, ನಂಬರ್ 2235, ಎರಡು ಹಳಿಯದ್ದು. ಮೇಲಿನಿಂದ ನೋಡಿದರೆ ಹೆಸರು ಮತ್ತು ನಂಬರ್ ಬಿಟ್ಟು ಎಲ್ಲ ಒಂದೇ. ಹೆಸರು ಬದಲಾಯಿಸುವುದು ಏನು ದೊಡ್ಡ ಕೆಲಸ? ಡಬ್ಬಿಯ ನಕಲು ಕೂಡ ರಾಜಾರೋಷವಾಗಿ ಮಾರಾಟಕ್ಕಿದೆ. ಆದರೆ ಮಗುಚಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ನಡುವಿನ ಹಳಿಗೆ ತಾಗುವ ಪಟ್ಟಿ ಇದೆಯಾ, ಅದರ ಸ್ಕ್ರೂ ಯಾರಾದರೂ ಬಿಚ್ಚಿದ್ದಾರಾ, ಚಕ್ರ ಯಾವುದು, ಎಲ್ಲ ಅಲ್ಲೇ ಕಾಣುತ್ತದೆ.

ಒಂದು ಫೋಟೋ ಸಾರ್. ಒಂದೇ ಒಂದು. ಮೊನ್ನೆಯೇ ಇಮೇಲ್ ಬರೆದು ಕೇಳಿದ್ದೆ. ಸಾಧ್ಯವಾದರೆ ಹಳಿ ಮೇಲಿಟ್ಟು ಒಂದು ಸಲ ಓಡಿಸಿ ನೋಡಿ ಅಂತಲೂ ಬರೆದಿದ್ದೆ. ಬಂದ ಉತ್ತರ: ನಮ್ಮ ಸಿಬ್ಬಂದಿ ವಿದ್ಯುತ್ ವಸ್ತುಗಳನ್ನು ಪರೀಕ್ಷಿಸುವುದಿಲ್ಲ, ತಾವು ಗುರುವಾರ ಹತ್ತರಿಂದ ನಾಲ್ಕರೊಳಗೆ ಖುದ್ದಾಗಿ ಬಂದು ನೋಡಬಹುದು. ಫೋಟೋ ವಿಷಯಕ್ಕೆ ಉತ್ತರವೇ ಇಲ್ಲ. ನಾನಿರುವುದು ರೆಡಿಂಗ್‌ನಲ್ಲಿ, ಅವರಿರುವುದು ಇಂಗ್ಲೆಂಡಿನ ಆ ತುದಿಯಲ್ಲಿ. ಆನ್‌ಲೈನ್ ಹರಾಜು ಅಂತ ಹೆಸರು ಬೇರೆ.

ನಾನು ಬಿಡ್ ಮಾಡಲಿಲ್ಲ. 180 ಪೌಂಡಿಗೆ ಸುತ್ತಿಗೆ ಬಿತ್ತು. ಕೊಂಡ ಪುಣ್ಯಾತ್ಮನಿಗೆ ಬರುವ ಬಿಲ್ ಲೆಕ್ಕ ಹಾಕಿ. ಹರಾಜು ಮನೆಯ ಪಾಲು ಶೇಕಡಾ 25, ಅಂದರೆ 45 ಪೌಂಡ್. ಅದರ ಮೇಲೆ ವ್ಯಾಟ್ ಶೇಕಡಾ 20, 9 ಪೌಂಡ್. ಆನ್‌ಲೈನಿನಲ್ಲಿ ಕೂಗಿದ್ದಕ್ಕೆ ಮತ್ತೆ ಶೇಕಡಾ 5, ಅದಕ್ಕೂ ವ್ಯಾಟ್, ಸುಮಾರು 11 ಪೌಂಡ್. ಅಂಚೆ ಖರ್ಚಿಗೆ ಮುಂಚೆಯೇ 245! ಮಾರಿದವನಿಂದಲೂ ಕಮಿಷನ್ ಬರುತ್ತದೆ, ಅದು ಬೇರೆ ಲೆಕ್ಕ. ಎರಡೂ ಕೈಯಲ್ಲಿ ಬಾಚಿಕೊಳ್ಳುವವರಿಗೆ ಎಂಜಿನ್ ಮಗುಚಲು ಮಾತ್ರ ಕೈ ಬಿಡುವಿಲ್ಲ.

ಇದಕ್ಕಿಂತ ಚಂದದ ವಿಷಯ ಇನ್ನೊಂದಿದೆ. ಇಲ್ಲಿ ಅಂಗಡಿಯಿಂದ ಆನ್‌ಲೈನ್‌ನಲ್ಲಿ ಏನಾದರೂ ತರಿಸಿಕೊಂಡರೆ ಸಾಮಾನ್ಯವಾಗಿ 14 ದಿನದಲ್ಲಿ ವಾಪಸ್ ಮಾಡುವ ಹಕ್ಕಿದೆ. ಜನ ಖುದ್ದಾಗಿ ಬಂದು ಕೂಗಲು ಅವಕಾಶವಿರುವ ಸಾರ್ವಜನಿಕ ಹರಾಜಿಗೆ ಅದು ಅನ್ವಯಿಸುವುದಿಲ್ಲ. ನಾನು ಹೋಗಿರಬೇಕಿಲ್ಲ, ಹೋಗಬಹುದಿತ್ತು ಅಂದರೆ ಸಾಕು. ಎಲ್ಲೋ ಒಂದು ಹರಾಜು ಕೋಣೆಯಲ್ಲಿ ಖಾಲಿ ಬಿದ್ದಿರುವ ಕುರ್ಚಿಗಳು ನನ್ನ ಹಕ್ಕನ್ನು ನುಂಗಿ ಕೂತಿವೆ.

ನಮ್ಮ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಳ್ಳುವವನು ಚೀಲಕ್ಕೆ ಕೈ ಹಾಕಿ, ಒಂದೆರಡು ಒಡೆದು, ಒಳಗೆ ಬಿಳುಪಿದೆಯಾ ಅಂತ ನೋಡದೆ ರೇಟು ಹೇಳುತ್ತಾನಾ? ಚೀಲದ ಫೋಟೋ ತೋರಿಸಿ ‘ಒಡೆದು ನೋಡಿಲ್ಲ’ ಅಂದರೆ ಮಂಡಿಯಿಂದ ಓಡಿಸುತ್ತಾರೆ.

ಇಲ್ಲಿನ ಗೆಳೆಯರೊಬ್ಬರು ಹರಾಜು ಮನೆಯವರ ಪರ ವಕಾಲತ್ತು ಹಾಕಿದರು. ಒಂದೇ ದಿನ ನೂರಾರು ಲಾಟ್ ಇರುತ್ತವೆ, ಅರವತ್ತು ವರ್ಷದ ಮೋಟರಿಗೆ ಕರೆಂಟ್ ಕೊಟ್ಟು ಸುಟ್ಟುಹೋದರೆ ಜವಾಬ್ದಾರಿ ಯಾರದು, ಆ ಅನುಮಾನಕ್ಕೇ ಜನ ಕಡಿಮೆ ಬೆಲೆ ಕೂಗುತ್ತಾರಲ್ಲ ಅಂತ. ಸರಿ, ಕರೆಂಟಿನ ಮಾತು ಒಪ್ಪೋಣ. ಮಗುಚುವುದಕ್ಕೆ ಕರೆಂಟ್ ಬೇಕಾ? ಡಬ್ಬಿಗೆ ಎರಡು ಫೋಟೋ ತೆಗೆಯಲು ಸಮಯವಿತ್ತಲ್ಲ? ಇನ್ನು ಕಡಿಮೆ ಕೂಗುವ ಮಾತು. ಇಬ್ಬರು ಹುಚ್ಚರು ಎದುರುಬದುರು ಬಿದ್ದರೆ ಯಾರು ಸ್ವಾಮಿ ಕಡಿಮೆ ಕೂಗುತ್ತಾರೆ? ಖುದ್ದಾಗಿ ಹೋಗಿ ಮಗುಚಿ ನೋಡಿ ಬಂದ ವ್ಯಾಪಾರಿ ಮಾತ್ರ ಎಲ್ಲಿ ನಿಲ್ಲಿಸಬೇಕು ಅಂತ ತಿಳಿದಿರುತ್ತಾನೆ. ಕತ್ತಲಲ್ಲಿ ಕೂಗುವವರು ನಾವು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾಲಿನ ಕಥೆ ಇನ್ನೂ ಘೋರ. ಆ ಕಾಲದ ಸತುವಿನ ಎರಕದಲ್ಲಿ ಚೂರು ಸೀಸ ಬೆರೆತಿದ್ದರೂ ಸಾಕು, ವರ್ಷ ಕಳೆದಂತೆ ಲೋಹ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಮದ್ದಿಲ್ಲದ ರೋಗ. ಕೂದಲೆಳೆಯಷ್ಟು ಬಿರುಕು ದೂರದಿಂದ ತೆಗೆದ ಫೋಟೋದಲ್ಲಿ ಕಾಣುತ್ತದೆಯೇ?

ಕಳೆದ ವರ್ಷ ನಾನು ತರಿಸಿದ ಪುಟ್ಟ ಟ್ಯಾಂಕ್ ಎಂಜಿನ್ ನೆನಪಿದೆಯಾ? ನೀವೆಲ್ಲ ಲೈಕ್ ಒತ್ತಿದ್ದಿರಿ. ಅದೂ ‘ಓಡಿಸಿ ನೋಡಿಲ್ಲ’ ಗಿರಾಕಿಯೇ. ಆರ್ಮೇಚರ್, ಅಂದರೆ ಮೋಟರಿನೊಳಗೆ ತಿರುಗುವ ತಂತಿ ಸುರುಳಿ, ಸುಟ್ಟಿತ್ತು. ಪೋಸ್ಟಿನಲ್ಲಿ ಅದನ್ನು ಬರೆದಿರಲಿಲ್ಲ, ಮಾನ ಅಂತ ಒಂದಿರುತ್ತಲ್ವಾ.

ಹೇಗೂ ಹೇಳಲು ಶುರು ಮಾಡಿದ್ದೇನೆ, ಪೂರ್ತಿ ಹೇಳಿಬಿಡುತ್ತೇನೆ. ಈ ಹರಾಜುಗಳಲ್ಲಿ ನನ್ನ ಎದುರು ಕೂಗುವವರು ಹೆಚ್ಚಾಗಿ ಇಲ್ಲಿನ ತಾತಂದಿರು. ಚಿಕ್ಕಂದಿನ ಕ್ರಿಸ್‌ಮಸ್‌ಗೆ ಅಪ್ಪ ಕೊಡಿಸಿದ್ದನ್ನೋ, ಕೊಡಿಸದೇ ಹೋದದ್ದನ್ನೋ ಹುಡುಕುತ್ತಾರೆ. ನನಗೇನಿತ್ತು? ಅರಸೀಕೆರೆ ಸ್ಟೇಷನ್, ಮೀಟರ್ ಗೇಜ್ ಉಗಿ ಎಂಜಿನ್, ಕಣ್ಣಿಗೆ ಬೀಳುವ ಕಲ್ಲಿದ್ದಲ ಪುಡಿ. ಡಬ್ಲೋ ಅನ್ನುವ ಹೆಸರು ಕೇಳಿದ್ದೇ ಈ ದೇಶಕ್ಕೆ ಬಂದ ಮೇಲೆ. ‘ಯಾರದೋ ಬಾಲ್ಯಕ್ಕೆ ನೀವ್ಯಾಕ್ರೀ ದುಡ್ಡು ಕೊಡ್ತೀರಿ’ ಅಂತ ಹೆಂಡತಿ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಗಾಜಿನ ಬೀರುವಿನಲ್ಲಿಟ್ಟು ನೋಡಲು ನಾನು ಕೊಳ್ಳುವುದಿಲ್ಲ. ನನಗೆ ಅದು ಓಡಬೇಕು. ಊಟದ ಮನೆ ನೆಲದ ಮೇಲೆ, ಮೇಜಿನ ಕಾಲು ಸುತ್ತಿಕೊಂಡು, ಸದ್ದು ಮಾಡುತ್ತಾ ಓಡಬೇಕು. ಡಬ್ಬಿಯ ಮೂಲೆ ಹರಿದಿದೆಯಾ ಅಂತ ತೋರಿಸಲು ಎರಡು ಫೋಟೋ ತೆಗೆದು, ಎಂಜಿನ್ ಓಡುತ್ತದಾ ಅಂತ ನೋಡದವರನ್ನು ಕಂಡರೆ ಸಿಟ್ಟು ಬರುವುದು ಅದಕ್ಕೇ.

ಇರಲಿ. ಮುಂದಿನ ತಿಂಗಳು ಅದೇ ಹರಾಜು ಮನೆಯಲ್ಲಿ ಮೂರು ಹಳಿಯ ‘ಲಡ್ಲೋ ಕ್ಯಾಸಲ್’ ಎಂಜಿನ್ ಬರುತ್ತಿದೆ. ಈ ಸಲ ನಾಲ್ಕೇ ಫೋಟೋ, ಮತ್ತೆ ಹೊಟ್ಟೆ ನಾಪತ್ತೆ. ನ್ಯೂಕಾಸಲ್, ಡರ್ಹಮ್ ಕಡೆ ಇರುವ ಕನ್ನಡದವರು ಯಾರಾದರೂ ಗುರುವಾರ ಬಿಡುವಾಗಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ಹೋಗುವುದು, ಎತ್ತುವುದು, ಮಗುಚುವುದು, ಒಂದು ಫೋಟೋ ತೆಗೆದು ನನಗೆ ಕಳಿಸುವುದು. ಅಷ್ಟೇ ಕೆಲಸ. ಪೆಟ್ರೋಲ್ ಖರ್ಚು ನನ್ನದು, ರೆಡಿಂಗ್‌ಗೆ ಬಂದಾಗ ಬಿಸಿಬೇಳೆಬಾತ್ ಕೂಡ ನನ್ನದೇ. ಚಕ್ರ ಹಿಡಿದು ಎತ್ತಬೇಡಿ ಅಷ್ಟೇ, ಮೈ ಹಿಡಿದು ಎತ್ತಿ.