1862ರಲ್ಲಿ ಎಲೆಕ್ಷನ್ ನಡೆದಿರ್ಲಿಲ್ಲ, ದಯವಿಟ್ಟು ಆ ಮೆಸೇಜ್ ಕಳಿಸ್ಬೇಡಿ

"1862ರಲ್ಲೇ ಮೂವರು ಭಾರತೀಯರು ಜನರ ಓಟಿಂದ ಗೆದ್ದು ವೈಸರಾಯ್ ಕೌನ್ಸಿಲ್‌ಗೆ ಹೋದ್ರು" ಅಂತ ಒಂದು ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡ್ತಿದೆ. (ವೈಸರಾಯ್ ಅಂದ್ರೆ ಬ್ರಿಟಿಷರ ಪರವಾಗಿ ಭಾರತ ಆಳ್ತಿದ್ದವರು, ಕೌನ್ಸಿಲ್ ಅಂದ್ರೆ ಕಾನೂನು ಮಾಡೋಕೆ ಅವರ ಜೊತೆ ಕೂರೋ ಸಭೆ.) ವರ್ಷ ಸರಿ, ಮೂವರು ಹೋಗಿದ್ದೂ ನಿಜ, ಆದ್ರೆ ಓಟು ಅನ್ನೋದು ಪೂರ್ತಿ ತಪ್ಪು.

ಪಟಿಯಾಲಾ ಮಹಾರಾಜ, ಬನಾರಸ್‌ನ ರಾಜಾ ದೇವ ನಾರಾಯಣ ಸಿಂಗ್, ಗ್ವಾಲಿಯರ್‌ನಲ್ಲಿ ದಿವಾನರಾಗಿದ್ದ ದಿನಕರ ರಾವ್, ಈ ಮೂವರನ್ನೂ ವೈಸರಾಯ್ ಕ್ಯಾನಿಂಗ್ ತಾನೇ ಆರಿಸಿ ನೇಮಿಸಿದ್ದು. 1861ರ ಕೌನ್ಸಿಲ್ ಕಾಯ್ದೆ ಪ್ರಕಾರ 6ರಿಂದ 12 ಜನ ಹೆಚ್ಚುವರಿ ಸದಸ್ಯರನ್ನ 2 ವರ್ಷಕ್ಕೆ ನೇಮಿಸ್ಬೋದಿತ್ತು, ಅದ್ರಲ್ಲಿ ಅರ್ಧದಷ್ಟಾದ್ರೂ ಸರ್ಕಾರಿ ನೌಕರರಲ್ಲದವರು ಇರ್ಬೇಕು ಅಂತಿತ್ತೇ ಹೊರತು ಭಾರತೀಯರೇ ಇರ್ಬೇಕು ಅಂತ ಎಲ್ಲೂ ಇರ್ಲಿಲ್ಲ, ಸಾಲದ್ದಕ್ಕೆ ಒಳಗೆ ಹೋದವರಿಗೆ ಪ್ರಶ್ನೆ ಕೇಳೋ ಹಕ್ಕೂ ಇಲ್ಲ, ಅದು ಸಿಕ್ಕಿದ್ದು 1892ರ ಕಾಯ್ದೆ ಬಂದ್ಮೇಲೆ. ಯಾರನ್ನ ಆರಿಸಿದ್ರು ನೋಡಿ, ರಾಜರು ಮತ್ತೆ ದಿವಾನರು. ರೈತರ ಪರ, ನೇಕಾರರ ಪರ ಮಾತಾಡೋರು ಒಬ್ರೂ ಇಲ್ಲ. ನನಗೆ ಬೇಜಾರಾಗೋದು ಇದಕ್ಕೇ, ನೇಮಕಾನ ಚುನಾವಣೆ ಅಂತ ಹೇಳಿಬಿಟ್ರೆ ಓಟಿನ ಹಕ್ಕಿಗಾಗಿ ಆಮೇಲೆ ದಶಕಗಟ್ಟಲೆ ಹೋರಾಡಿದವರ ಕಷ್ಟಕ್ಕೆ ಬೆಲೆನೇ ಇಲ್ದಂಗಾಗುತ್ತೆ.

ಚುನಾವಣೆ ಅನ್ನೋ ಮಾತು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬಂದಿದ್ದು 1909ರಲ್ಲಿ, ಅದೂ ಕೆಲವೇ ಜನರಿಗೆ. ಪರೀಕ್ಷೆಗೆ ಓದೋ ಮಕ್ಕಳ ಗ್ರೂಪಿಗೆ ಆ ಮೆಸೇಜ್ ಹಾಕಿದ್ರೆ ಡಿಲೀಟ್ ಮಾಡಿ, ಇದನ್ನ ಹಾಕಿ.