ತಲೆ ಅಲ್ಲಾಡಿಸುವವರೆಗೆ ಕಾಯಿರಿ

ಹೋದ ತಿಂಗಳು ಮೈಸೂರಿಗೆ ಹೊರಗಿನಿಂದ ಒಂದು ದೊಡ್ಡ ಆರ್ಕೆಸ್ಟ್ರಾ ಬಂದಿತ್ತು. ಜಾಝ್ ಬೆರೆತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಪಿಯಾನೋಗೆ ಇಬ್ಬರು ಅತಿಥಿ ಕಲಾವಿದರು. ನಮಗೆ ಎರಡು ಪಾಸ್ ಸಿಕ್ಕಿದ್ದವು. ಹೆಂಡತಿ ತಲೆನೋವು ಅಂತ ಜಾರಿಕೊಂಡು, ತನ್ನ ಅಪ್ಪನನ್ನು ಜೊತೆ ಮಾಡಿ ಕಳಿಸಿದಳು.

ಮಾವ ಒಂಟಿಕೊಪ್ಪಲಿನವರು. 8ನೇ ಕ್ರಾಸ್ ಗಣೇಶೋತ್ಸವದ ಕಚೇರಿ ಒಂದನ್ನೂ ಬಿಟ್ಟವರಲ್ಲ. "ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೇ ದುಡ್ಡು ಕೊಟ್ಟವರು. ನಮಗೇನು ಇದು ಹೊಸದಾ ಅಳಿಯಂದ್ರೇ?" ಎಂದು ಜರಿ ಪಂಚೆ ಉಟ್ಟು ಹೊರಟರು. ನಾನೋ, ಹಿಂದಿನ ರಾತ್ರಿ ಪರೀಕ್ಷೆಗೆ ಓದುವ ಹಾಗೆ ಓದಿದ್ದೆ. ದಾರಿಯುದ್ದಕ್ಕೂ ಪಾಠ ಮಾಡಿದೆ. ಭಲೇ ಅನ್ನಬಾರದು. ನಡುವೆ ಚಪ್ಪಾಳೆ ತಟ್ಟಬಾರದು. ನಾನು ತಟ್ಟಿದರೆ ಮಾತ್ರ ನೀವೂ ತಟ್ಟಿ.

ಮೊದಲು ಅಮೆರಿಕದ ಸಂಗೀತಕಾರ ಗರ್ಶ್ವಿನ್‌ನ 'ರಾಪ್ಸೋಡಿ ಇನ್ ಬ್ಲೂ'. ಕ್ಲಾರಿನೆಟ್ ತಗ್ಗಿನಿಂದ ತಾರಕ್ಕೆ ಒಂದೇ ಉಸಿರಿಗೆ ಜಾರಿತು. "ಆಹಾ, ಜಾರು!" ಎಂದರು ಮಾವ. ಮುಂದಿನ ಸಾಲು ಪೂರ್ತಿ ತಿರುಗಿ ನೋಡಿತು. 1924ರಲ್ಲಿ ವಾದಕನೊಬ್ಬ ರಿಹರ್ಸಲ್‌ನಲ್ಲಿ ತಮಾಷೆಗೆ ಹಾಗೆ ಜಾರಿಸಿದ್ದನಂತೆ. ಗರ್ಶ್ವಿನ್ ಅದನ್ನೇ ಇಟ್ಟುಕೊಂಡನಂತೆ. ನಾನು ನಿದ್ದೆಗೆಟ್ಟು ಓದಿದ್ದು ಮಾವನಿಗೆ ಒಂದೇ ಕ್ಷಣದಲ್ಲಿ ಕೇಳಿಸಿತ್ತು!

ಆಮೇಲೆ ಮಾವ ಆದಿತಾಳ ಹಾಕತೊಡಗಿದರು. ಈ ಜಾಝ್ ಲಯದ ಕಿತಾಪತಿ ಏನೆಂದರೆ, ಒತ್ತು ಬೀಳಬೇಕಾದ ಕಡೆ ಬೀಳುವುದಿಲ್ಲ. ಸ್ವಲ್ಪ ಮುಂಚೆಯೋ, ಸ್ವಲ್ಪ ಆಮೇಲೋ ಬೀಳುತ್ತದೆ. ಮಾವನ ಕೈ ಗಾಳಿಯಲ್ಲೇ ನಿಂತು ಯೋಚಿಸುತ್ತಿತ್ತು. ತಾಳ ತಪ್ಪಿದ ಏಟೆಲ್ಲ ನನ್ನ ತೊಡೆಗೆ.

ನನಗೆ ಸುಮ್ನೆ ಕೂತಿರಲು ಆಗಲಿಲ್ಲ. ಮೊದಲ ಪ್ರದರ್ಶನದ ದಿನ ಗರ್ಶ್ವಿನ್ ತನ್ನ ಪಿಯಾನೋ ಭಾಗವನ್ನು ಪೂರ್ತಿ ಬರೆದೇ ಇರಲಿಲ್ಲ. ಒಂದು ಕಡೆ ಆರ್ಕೆಸ್ಟ್ರಾ ನಿರ್ದೇಶಕನ ಹಾಳೆಯಲ್ಲಿ, ಗರ್ಶ್ವಿನ್ 'ತಲೆ ಅಲ್ಲಾಡಿಸುವವರೆಗೆ ಕಾಯಿರಿ' ಎಂದಷ್ಟೇ ಇತ್ತು ಎಂದು ಮಾವನ ಕಿವಿಯಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಪಿಯಾನೋ ದಡದಡ ಬಾರಿಸಿ ಗಕ್ಕನೆ ನಿಂತಿತು. ಮುಗಿಯಿತು ಅಂತ ಜೋರಾಗಿ ತಟ್ಟಿದೆ. ಇಡೀ ಸಭಾಂಗಣದಲ್ಲಿ ನಾನೊಬ್ಬನೇ. ಕೊಟ್ಟ ಮಾತಿಗೆ ತಪ್ಪಬಾರದಲ್ಲ, ಪಾಪ, ಮಾವನೂ ತಟ್ಟಿದರು. ಈಗ ಇಬ್ಬರು.

"ತನಿ ಇನ್ನೂ ನಡೀತಾ ಇದೆ ಅನ್ಸುತ್ತೆ" ಎಂದರು ಮೆತ್ತಗೆ.

ವಿರಾಮದಲ್ಲಿ ಕಾಫಿ ಕುಡಿಯುತ್ತಾ ತೀರ್ಮಾನ ಮಾಡಿದೆ. ಇನ್ನು ಓದಿದ್ದನ್ನು ನಂಬುವುದಿಲ್ಲ. ಮಾವನ ತಲೆಯನ್ನೇ ನೋಡುತ್ತಿರುವುದು. ಅದು ಅಲ್ಲಾಡಿದರೆ ಮಾತ್ರ ತಟ್ಟುವುದು.

ಎರಡನೆಯದು ಫ್ರಾನ್ಸಿನ ರಾವೆಲ್‌ನ ಜಿ ಮೇಜರ್ ಪಿಯಾನೋ ಕಾನ್ಸರ್ಟೋ, ಅಂದರೆ ಪಿಯಾನೋಗೂ ಆರ್ಕೆಸ್ಟ್ರಾಗೂ ಬರೆದ, ಭಾಗ ಭಾಗವಾಗಿ ಸಾಗುವ ಕೃತಿ. ಅದು ಶುರುವಾಗುವುದೇ ಚಾಟಿ ಏಟಿನ ಸದ್ದಿನಿಂದ. ಮಾವ "ಅಯ್ಯೋ ರಾಮ" ಎಂದು ಬೆಚ್ಚಿಬಿದ್ದರು. ಹೇಗೋ ಮೊದಲ ಭಾಗ ಕಳೆಯಿತು. ಎರಡನೇ ಭಾಗದಲ್ಲಿ ಆರ್ಕೆಸ್ಟ್ರಾ ಎಲ್ಲ ಸುಮ್ಮನೆ. ಪಿಯಾನೋ ಒಂದೇ ಲಾಲಿ ಹಾಡಿದ ಹಾಗೆ ಎಷ್ಟೋ ಹೊತ್ತು ಮೆಲ್ಲಗೆ ನುಡಿಯುತ್ತದೆ. ಉಸಿರಾಡಿದರೂ ಕೇಳಿಸುವಂಥ ನಿಶ್ಶಬ್ದ. ಮಾವನ ತಲೆ ನಿಧಾನವಾಗಿ ಕೆಳಗೆ ಹೋಯಿತು. ಮತ್ತೆ ಮೇಲೆ ಬಂತು.

ಅಪ್ಪಣೆ ಸಿಕ್ಕಿತಲ್ಲ. ತಟ್ಟಿದೆ.

ಮಾವ ತೂಕಡಿಕೆಯಿಂದ ಎಚ್ಚೆತ್ತು, "ಮಂಗಳ ಆಯ್ತಾ ಅಳಿಯಂದ್ರೇ?" ಎನ್ನುತ್ತಾ ಪಂಚೆ ಸರಿ ಮಾಡಿಕೊಂಡು ಎದ್ದು ನಿಂತರು.